ಒಂಬತ್ತು ಸೆಕೆಂಡಿನ ಮಾತು

ಕಸ್ತೂರವ್ವನ ಮಾತು ಕೊರಳಿನಿಂದ ಹೊರಟು ಕೇಳುವವರ ಕಿವಿ ಮುಟ್ಟಲು ಒಂಬತ್ತು ಸೆಕೆಂಡು ಹಿಡಿಯುತ್ತಿತ್ತು. ಒಂಬತ್ತು ಸೆಕೆಂಡು ಏನು ಮಹಾ ಅನ್ನುವವರು, ನಾಲ್ಕು ಜನ ಹೆಂಗಸರು ಕೂತು ಮಾತಾಡುವ ಕಡೆ ಬಾಯಿ ಮುಚ್ಚಿಕೊಂಡು ಒಂಬತ್ತರವರೆಗೆ ಎಣಿಸಿ ನೋಡಬೇಕು. ಅಷ್ಟರೊಳಗೆ ಮಾತು ಜೋಳದ ಹಿಟ್ಟಿನಿಂದ ಹೊರಟು ಯಾರದೋ ಮದುವೆಗೆ ಹೋಗಿ, ಅಲ್ಲಿಂದ ಇನ್ಯಾರದೋ ಮೊಣಕಾಲು ನೋವಿಗೆ ಬಂದು ಕೂತಿರುತ್ತದೆ.

ಬೆಟಗೇರಿಯ ನೇಕಾರರ ಓಣಿಯಲ್ಲಿ ಕಸ್ತೂರವ್ವನಂಥ ಮಾತುಗಾತಿ ಇನ್ನೊಬ್ಬಳಿರಲಿಲ್ಲ. ಅವಳು ಒಂದು ಮಾತು ಎಸೆದರೆ ಎದುರಿಗಿದ್ದವರು ನಗಬೇಕು, ಇಲ್ಲವೆ ಎದ್ದು ಹೋಗಬೇಕು. ಗಂಡ ಫಕೀರಪ್ಪ ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಸಿಟ್ಟು ಮೂಗಿನ ತುದಿಯ ಮೇಲೆ. ಬಸ್ಸಿನಲ್ಲಿ ಅರವತ್ತು ಜನರನ್ನು ಗದರಿಸಿ ಒಳಗೆ ಸರಿಸುತ್ತಿದ್ದವನು ಮನೆಗೆ ಬಂದು ಹೆಂಡತಿಯ ಒಂದು ಮಾತಿಗೆ ತೆಪ್ಪಗಾಗುತ್ತಿದ್ದ. ಕಸ್ತೂರವ್ವನ ಆ ನಾಲಿಗೆಯೇ ಮೊದಲು ಬಿತ್ತು. ಸ್ನಾಯುಗಳು ಒಂದೊಂದಾಗಿ ಸೊರಗಿ ಹೋಗುವ ನರರೋಗ. ಮದ್ದಿಲ್ಲ ಎಂದು ದೊಡ್ಡ ಡಾಕ್ಟರು ಮುಖದ ಮೇಲೇ ಹೇಳಿದ್ದರು. ಬರೆದು ತೋರಿಸೋಣವೆಂದರೆ ಅವಳು ಅಕ್ಷರ ಕಲಿತವಳಲ್ಲ.

ಆಗ ಬಂದದ್ದು ಕೊರಳಪಟ್ಟಿ. ಎರಡು ಬೆರಳಿನ ಅಗಲದ ಬೂದು ಬಣ್ಣದ ಪಟ್ಟಿ. ಮಾತಾಡಬೇಕೆಂದು ಮನಸ್ಸು ಮಾಡಿದ ಕೂಡಲೇ ಕೊರಳಿನ ಸ್ನಾಯುಗಳು ಹತ್ತಿರ ಕೂತು ನೋಡಿದರೆ ಮಾತ್ರ ಕಾಣುವಷ್ಟು ಸಣ್ಣಗೆ ಮಿಡುಕುತ್ತವೆ. ಆ ಮಿಡುಕನ್ನು ಪಟ್ಟಿ ಹಿಡಿಯುತ್ತದೆ. ಆದರೆ ಯಾವ ಮಿಡುಕು ಯಾವ ಮಾತು ಎನ್ನುವುದನ್ನು ಅದಕ್ಕೆ ಯಾರಾದರೂ ಹೇಳಿಕೊಡಬೇಕು. ಒಬ್ಬೊಬ್ಬರ ಕೊರಳು ಒಂದೊಂದು ತರಹ. ಹಾಗಾಗಿ ಹೇಳಿಕೊಡುವವರು ಮನೆಯವರೇ. ಫಕೀರಪ್ಪ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಸಾಲು ಕನ್ನಡದಲ್ಲಿ ಬರೆಯುತ್ತಿದ್ದ. ಎಡಗಡೆ ಎರಡು ಸಲ ಬಿಗಿದು ಒಂದು ಸಲ ಸಡಿಲಾದರೆ 'ನೀರು'. ಕೆಳಗೆ ಬಿಗಿದು ನಡುವೆ ನಡುಗಿದರೆ 'ಚಹಾ ಆರೈತಿ'. ಅವನು ಊಹಿಸಿ ಕೇಳಬೇಕು, ಅವಳು ಸರಿ ಎನ್ನುವುದಕ್ಕೆ ಕಣ್ಣು ಮುಚ್ಚಬೇಕು, ಆಮೇಲೆ ಅವನು ಬರೆಯಬೇಕು. ಪಟ್ಟಿಯೊಳಗಿನ ಸಣ್ಣ ಯಂತ್ರ ಆ ಸಾಲುಗಳನ್ನು ಓದಿ ಕಸ್ತೂರವ್ವನದೇ ಹಳೆಯ ದನಿಯಲ್ಲಿ ನುಡಿಯುತ್ತಿತ್ತು. ಮಗಳ ಮದುವೆಯ ವಿಡಿಯೋದಿಂದ ತೆಗೆದ ದನಿ ಅದು.

ರೋಗ ನಿಂತಲ್ಲಿ ನಿಲ್ಲುವುದಿಲ್ಲ. ಈ ವಾರ 'ನೀರು' ಆದ ಮಿಡುಕು ಮುಂದಿನ ವಾರ ಮತ್ತೊಂದಾಗುತ್ತದೆ. ದಿನಾ ಬೆಳಿಗ್ಗೆ ಚಹಾ ಆದಮೇಲೆ ಅರ್ಧ ಗಂಟೆ ಇಬ್ಬರೂ ತಿದ್ದುಪಡಿಗೆ ಕೂರುತ್ತಿದ್ದರು. ಹೀಗೆ ಮೂರು ವರ್ಷಕ್ಕೆ ಹನ್ನೊಂದು ಸಾವಿರ ಸಾಲು ಬೆಳೆದವು. ಪಟ್ಟಿಯ ಯಂತ್ರ ಪ್ರತಿ ಮಾತಿಗೂ ಮೊದಲನೆಯ ಸಾಲಿನಿಂದ ಹಿಡಿದು ಕೊನೆಯ ಸಾಲಿನವರೆಗೆ ಓದಲೇಬೇಕು, ಯಾಕೆಂದರೆ ಮೊನ್ನೆಯ ಸಾಲನ್ನು ನಿನ್ನೆಯ ಸಾಲು ರದ್ದು ಮಾಡಿರಬಹುದು. ಸಾಲು ಬೆಳೆದಂತೆ ಮಾತು ತಡವಾಯಿತು. ಮೊದಲ ವರ್ಷ ಎರಡು ಸೆಕೆಂಡು, ಆಮೇಲೆ ಐದು, ಈಗ ಒಂಬತ್ತು.

ಶ್ರಾವಣದ ಒಂದು ಮಧ್ಯಾಹ್ನ ಎದುರುಮನೆಯ ಶಾವಂತ್ರೆವ್ವ ಬಂದು ಅಳಿಯನ ಊಟದ ಕಥೆ ತೆಗೆದಳು. ಅಳಿಯ ಹನ್ನೊಂದು ಹೋಳಿಗೆ ತಿಂದು ಹನ್ನೆರಡನೆಯದಕ್ಕೆ ಬೇಡ ಅಂದನಂತೆ. ಕಸ್ತೂರವ್ವನ ಕಣ್ಣು ಮಿನುಗಿತು. ಮಾತು ಹೊರಟಿತು ಎಂದು ಫಕೀರಪ್ಪನಿಗೆ ಗೊತ್ತಾಗಿ, ಅಭ್ಯಾಸದಂತೆ ಮನಸ್ಸಿನಲ್ಲೇ ಎಣಿಸತೊಡಗಿದ. ಐದು ಆಗಿರಬೇಕು, ಅದೇ ಓಣಿಯ ಪಾರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಬಂದಳು. ರೋಣದಲ್ಲಿದ್ದ ಅವಳ ಅಣ್ಣ ಬೆಳಿಗ್ಗೆ ತೀರಿಕೊಂಡಿದ್ದ. ಅವಳು ಅಷ್ಟು ಹೇಳಿ ಗೋಡೆಗೆ ಒರಗಿ ಕುಸಿದಳು. ಆಗ ಪಟ್ಟಿ ಗಟ್ಟಿಯಾಗಿ ನುಡಿಯಿತು: "ಹನ್ನೆರಡನೇದು ಯಾಕ ಬಿಟ್ಟಾ? ಆ ಜಾಗಾ ಬಾಡಗಿಗಿ ಕೊಟ್ಟಾನೇನು?"

ಯಾರೂ ನಗಲಿಲ್ಲ. ಪಾರವ್ವ ತಲೆ ಎತ್ತಿ ನೋಡಿದ ರೀತಿಯನ್ನು ಫಕೀರಪ್ಪ ಬಹಳ ದಿನ ಮರೆಯಲಿಲ್ಲ. ಅದು ಮುಂಚಿನ ಮಾತಿಗೆ ಹೇಳಿದ್ದು, ಯಂತ್ರ ತಡ ಮಾಡಿತು ಎಂದು ಅವನು ವಿವರಿಸಿದ. ಅವರಿಗೂ ಅರ್ಥವಾಯಿತು, ಅರ್ಥವಾಗದಷ್ಟು ದಡ್ಡರಲ್ಲ. ಆದರೂ ಅಂದಿನಿಂದ ಮನೆಗೆ ಯಾರಾದರೂ ಬಂದರೆ ಕಸ್ತೂರವ್ವ ತಾನಾಗಿ ಮಾತಾಡುವುದನ್ನು ಬಿಟ್ಟಳು.

ಹುಬ್ಬಳ್ಳಿಯ ಪುನರ್ವಸತಿ ಕೇಂದ್ರದ ಲ್ಯಾಬಿನಲ್ಲಿ ಝೀನತ್ ಎಂಬ ಹುಡುಗಿ ಈ ಪಟ್ಟಿಗಳನ್ನು ನೋಡಿಕೊಳ್ಳುತ್ತಿದ್ದಳು. ಅವಳೂ ಬೆಟಗೇರಿಯವಳೇ. ಫಕೀರಪ್ಪನ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬಂದು ಮಾಡಿದವಳು, ಪಾಸು ಮರೆತ ದಿನ ಬೈಸಿಕೊಂಡವಳು ಕೂಡ. ಫಕೀರಪ್ಪ ಹೋಗಿ ಟೇಬಲ್ ಗುದ್ದಿ ಜಗಳ ತೆಗೆದ. ಇಷ್ಟು ಓದಿದವರು ಇಷ್ಟು ಜನ ಇದ್ದೀರಿ, ಒಂದು ಪಟ್ಟಿಯನ್ನು ಚುರುಕು ಮಾಡಲಾಗಲಿಲ್ಲವೆ ಎಂದು ಕೇಳಿದ. ಝೀನತ್ ಹಳೆಯ ಸಾಲುಗಳನ್ನು ಅಳಿಸಿದರೆ ಒಂಬತ್ತರಲ್ಲಿ ಎರಡು ಸೆಕೆಂಡು ಉಳಿತಾಯವಾಗಬಹುದು ಅಂದಳು. ಅವನಿಗೆ ಮತ್ತೂ ಸಿಟ್ಟು ಬಂತು. ಒಂದೊಂದು ಸಾಲಿನ ಹಿಂದೆ ಒಂದೊಂದು ಬೆಳಗು ಇತ್ತು. ಅಳಿಸು ಅನ್ನುವುದಕ್ಕೆ ಇವಳಿಗೆ ನಾಲಿಗೆ ಹೇಗೆ ಬಂತು?

ಝೀನತ್ ಇನ್ನೊಂದು ದಾರಿ ಹೇಳಿದಳು. ಈಗ ಪಟ್ಟಿ ಮಾಡುತ್ತಿರುವುದು ಸ್ಕ್ರಿಪ್ಟ್ ಓದುವ ಕೆಲಸ. ಮನುಷ್ಯರ ಭಾಷೆಯ ಸಾಲನ್ನು ಪ್ರತಿ ಸಲ ಓದಿ, ಅರ್ಥ ಮಾಡಿಕೊಂಡು, ಆಮೇಲೆ ನಡೆಸುವುದು. ಹಾಗೆ ಮಾಡದೆ, ಹನ್ನೊಂದು ಸಾವಿರ ಸಾಲನ್ನೂ ಒಂದೇ ಸಲ ಯಂತ್ರದ ಸ್ವಂತ ಭಾಷೆಗೆ ಇಳಿಸಿ, ಜೋಳದ ಕಾಳಿಗಿಂತ ಸಣ್ಣ ಚಿಪ್ಪಿನಲ್ಲಿ ಕೂರಿಸಬಹುದು. ಕಂಪೈಲ್ ಮಾಡುವುದು ಎಂದು ಅವಳು ಅಂದಳು. ಆಮೇಲೆ ಓದುವ ಮಾತೇ ಇಲ್ಲ. ಮಿಡುಕು ಬಂದದ್ದೇ ತಡ, ನುಡಿ.

ಫಕೀರಪ್ಪ ಗಲ್ಲ ಕೆರೆದುಕೊಂಡ. ಹೊಸ ಕಂಡಕ್ಟರ್ ಪ್ರತಿ ಟಿಕೆಟ್ಟಿಗೂ ದರದ ಪಟ್ಟಿ ತೆಗೆದು ಬೆರಳಿಟ್ಟು ನೋಡುತ್ತಾನೆ, ಹಳಬ ಬಾಯಲ್ಲೇ ಹೇಳುತ್ತಾನೆ, ಹಾಗೇ ಅಲ್ಲವೆ ಎಂದು ಕೇಳಿದ. ಹಾಗೇ ಎಂದು ಝೀನತ್ ನಕ್ಕಳು.

"ಮತ್ತ ದರ ಬದಲಾದ್ರ?"

ಝೀನತಳ ನಗು ನಿಂತಿತು. "ಅದನ್ನ ಹೇಳಬೇಕಂತಿದ್ದೆ ಕಾಕಾ. ದರ ಬದಲಾದ್ರೂ ಇದು ಹಳೇ ದರಾನ ಹೇಳ್ತೈತಿ."

ಚಿಪ್ಪು ಕೊರಳಿನ ಚರ್ಮದ ಕೆಳಗೆ ಕೂರಬೇಕು. ಅದರೊಳಗೆ ಒಮ್ಮೆ ಇಳಿಸಿದ್ದನ್ನು ತಿದ್ದುವಂತಿಲ್ಲ. ತಿದ್ದಬೇಕಾದರೆ ಹೊಸ ಚಿಪ್ಪು ಮಾಡಿ ಮತ್ತೆ ಕೊಯ್ಯಬೇಕು. ಕಸ್ತೂರವ್ವನ ಶ್ವಾಸ ಎರಡನೆಯ ಸಲ ಅರಿವಳಿಕೆ ತಡೆಯುವುದಿಲ್ಲವೆಂದು ಡಾಕ್ಟರು ಬರೆದುಕೊಟ್ಟಿದ್ದರು. ಅವಳ ಕೊರಳೋ ವಾರವಾರಕ್ಕೂ ಬದಲಾಗುತ್ತಿದೆ. ನಾಲ್ಕು ತಿಂಗಳು ಚೆನ್ನಾಗಿ ನಡೆಯಬಹುದು, ಐದು ಅಂದರೆ ಪುಣ್ಯ. ಆಮೇಲೆ ಚಿಪ್ಪು ತನ್ನ ಪಾಡಿಗೆ ಸರಿಯಾಗಿಯೇ ಇರುತ್ತದೆ, ಕೊರಳು ಅದನ್ನು ಬಿಟ್ಟು ದೂರ ಹೋಗಿರುತ್ತದೆ. ಹೊರಗಿನ ಪಟ್ಟಿಯಲ್ಲೇ ಇದ್ದರೆ, ತಡವಾದರೂ, ಎರಡು ವರ್ಷ ಎಳೆಯಬಹುದು.

ಫಕೀರಪ್ಪ ಬೇಡವೇ ಬೇಡ ಎಂದು ತೀರ್ಮಾನಿಸಿಕೊಂಡೇ ಗದಗಿನ ಬಸ್ಸು ಹತ್ತಿದ. ಆದರೆ ಮುಚ್ಚಿಡುವುದು ಅವನಿಗೆ ಬರುವುದಿಲ್ಲ. ಮನೆಗೆ ಬಂದು ಚಪ್ಪಲಿ ಕಳಚುವುದರೊಳಗೆ ಎಲ್ಲವನ್ನೂ ಹೇಳಿಬಿಟ್ಟ, ತನ್ನ ತೀರ್ಮಾನವನ್ನೂ ಹೇಳಿದ. ಕಸ್ತೂರವ್ವ ಅವನನ್ನೇ ನೋಡುತ್ತಿದ್ದಳು. ಅವನು ಎಣಿಸಿದ. ಒಂಬತ್ತಕ್ಕೆ ಉತ್ತರ ಬಂತು.

"ಹಾಕಸ್ರಿ. ನನಗ ಜಗಳಾ ಮಾಡಬೇಕಾಗೈತಿ."

ಅವನು ಕೂಗಾಡಿದ. ಐದು ತಿಂಗಳ ಜಗಳಕ್ಕೆ ಎರಡು ವರ್ಷದ ಮಾತನ್ನು ಕಳೆದುಕೊಳ್ಳುತ್ತೀಯಾ, ತಲೆ ನೆಟ್ಟಗಿದೆಯಾ ಎಂದ. ಮೂರು ವರ್ಷ ಬೆಳಗ್ಗೆ ಬೆಳಗ್ಗೆ ಕೂತು ಸಾಲು ಬರೆದ ತಾನೇನು ಕತ್ತೆಯಾ ಎಂದ. ಐದು ತಿಂಗಳಾದ ಮೇಲೆ ಏನು ಮಾಡುತ್ತೀ ಎಂದು ಕೇಳಿ, ಉತ್ತರಕ್ಕೆ ಕಾಯುವಷ್ಟು ತಾಳ್ಮೆ ಇಲ್ಲದೆ ಟವೆಲ್ಲು ಹೆಗಲಿಗೆ ಎಸೆದುಕೊಂಡು ಹಿತ್ತಲಿಗೆ ನಡೆದ. ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಳ್ಳುವಾಗ ಒಳಗಿನಿಂದ, ಖಾಲಿ ಕುರ್ಚಿಗೆ ಹೇಳಿದಂತೆ, ಉತ್ತರ ಕೇಳಿತು.

"ಆಮ್ಯಾಲೆ ನೀವ ಮಾತಾಡ್ರಿ. ನಾ ಕೇಳ್ತೀನಿ."

ನಲ್ಲಿಯ ನೀರು ಹರಿಯುತ್ತಲೇ ಇತ್ತು. ಅವನು ಅದನ್ನು ನಿಲ್ಲಿಸದೆ ಬಹಳ ಹೊತ್ತು ನಿಂತ. ಮರುದಿನ ಝೀನತಳಿಗೆ ಫೋನು ಮಾಡಿ ದಿನ ಗೊತ್ತು ಮಾಡಿದ.

ಕಂಪೈಲಿಗೆ ಮುಂಚೆ ಎಂಟು ದಿನ ಕೇಂದ್ರದಲ್ಲೇ ಇರಬೇಕಿತ್ತು. ಚಿಪ್ಪಿನಲ್ಲಿ ಜಾಗ ಕಡಿಮೆ. ಹನ್ನೊಂದು ಸಾವಿರ ಸಾಲಿನಲ್ಲಿ ಯಾವುದು ಈಗಲೂ ಬಳಕೆಯಲ್ಲಿದೆ, ಯಾವುದು ಸತ್ತಿದೆ ಎಂದು ನೋಡಿ, ಬಳಕೆಯಲ್ಲಿ ಇದ್ದದ್ದನ್ನು ಮಾತ್ರ ಇಳಿಸುತ್ತಾರೆ. ಎಂಟು ದಿನದಲ್ಲಿ ಒಮ್ಮೆಯೂ ನುಡಿಯದ ಸಾಲು ಚಿಪ್ಪಿಗೆ ಹೋಗುವುದಿಲ್ಲ. ಝೀನತ್ ಇದನ್ನು ಎರಡೆರಡು ಸಲ ಹೇಳಿದಳು. ಫಕೀರಪ್ಪ ಸಾಲುಗಳನ್ನೆಲ್ಲ ಕಾಗದದ ಮೇಲೆ ತೆಗೆಸಿ, ಪೆನ್ನು ಹಿಡಿದು, ಬಸ್ಸಿನಲ್ಲಿ ತಲೆ ಎಣಿಸಿದ ಹಾಗೆ ಒಂದೊಂದಕ್ಕೂ ಗುರುತು ಹಾಕುತ್ತ ಹೆಂಡತಿಯ ಮಂಚದ ಪಕ್ಕ ಕೂತ.

ಅಡುಗೆಮನೆಯ ಮಾತು ಒಂದು ದಿನ. ಬಂಧು-ಬಳಗದ ಹೆಸರು, ದೇವರ ಹೆಸರು ಒಂದು ದಿನ. ಬೈಗುಳಕ್ಕೆ ಅರ್ಧ ದಿನ ಸಾಕೆಂದುಕೊಂಡಿದ್ದರು, ಒಂದೂವರೆ ಹಿಡಿಯಿತು. ಪಕ್ಕದ ಮಂಚದ ಮುದುಕಿ ಹಾಸಿಗೆ ಬಿಟ್ಟೆದ್ದು ಕೇಳಲು ಬಂದಳು. ಅವನು ಓದುವುದು, ಅವಳು ನುಡಿಯುವುದು, ಅವನು ಗೀಟು ಹಾಕುವುದು. ಇನ್ನೂರ ಹನ್ನೆರಡನೆಯ ಸಾಲು ಬಂದಾಗ ಫಕೀರಪ್ಪ ಕೆಮ್ಮಿ, ಪಕ್ಕದ ಮುದುಕಿಯ ಕಡೆ ನೋಡಿ, ಮುಂದಿನ ಸಾಲಿಗೆ ಹೋದ. ಆಮೇಲೆ ಹಿಂದಿರುಗಿ ನೋಡುವುದನ್ನು ಮರೆತ. ಎಂಟನೆಯ ದಿನ ಸಂಜೆ ಕಸ್ತೂರವ್ವನಿಗೆ ಎಷ್ಟು ದಣಿವಾಗಿತ್ತೆಂದರೆ ಕಣ್ಣು ಮುಚ್ಚಿದರೆ ಅದು ಸರಿ ಎಂದೋ ನಿದ್ದೆಯೋ ಗೊತ್ತಾಗುತ್ತಿರಲಿಲ್ಲ.

ಕೊಯ್ದ ಮೂರನೆಯ ದಿನ ಚಿಪ್ಪನ್ನು ಚಾಲೂ ಮಾಡಿದರು. ಆ ಹೊತ್ತಿಗೆ ಫಕೀರಪ್ಪ ನರ್ಸಿನ ಜೊತೆ ಸಲೈನ್ ಬಾಟಲಿ ಖಾಲಿಯಾದ ಬಗ್ಗೆ ಜಗಳಕ್ಕೆ ನಿಂತಿದ್ದ. ನಿಮ್ಮ ಮನೆಯವರಾಗಿದ್ದರೆ ಹೀಗೆ ಮಾಡುತ್ತಿದ್ದಿರಾ, ಒಂದು ತಾಸಿನಿಂದ ಕೂಗುತ್ತಿದ್ದೇನೆ, ಎಂದು ಅವನು ಇನ್ನೂ ಹೇಳುತ್ತಿರುವಾಗಲೇ ನಡುವೆ ಬಂತು:

"ಬಾಯಿ ಮುಚ್ಚ್ರಿ ಸಾಕು, ಆಕೀಗೂ ಇರೂದು ಎರಡ ಕೈ."

ಫಕೀರಪ್ಪನ ಮಾತು ಅರ್ಧಕ್ಕೇ ನಿಂತಿತು. ಮೂರು ವರ್ಷದಿಂದ ಅವನ ಮಾತನ್ನು ಯಾರೂ ನಡುವೆ ಕಡಿದಿರಲಿಲ್ಲ. ಎಷ್ಟು ಬೇಕಾದರೂ ಕೂಗಾಡಿ ಮುಗಿಸಬಹುದಿತ್ತು, ಉತ್ತರ ಒಂಬತ್ತು ಸೆಕೆಂಡು ಆಚೆ ಇರುತ್ತಿತ್ತು. ಹಾಗೆ ಕೂಗಿ ಮುಗಿಸುವುದು ಎಷ್ಟು ಒಬ್ಬಂಟಿ ಕೆಲಸವೆಂದು ಅವನಿಗೆ ಆಗ ಹೊಳೆಯಿತು. ಅವನು ಮುಖ ಗೋಡೆಗೆ ತಿರುಗಿಸಿ ನಿಂತ. ನರ್ಸು, ಏನಾಯಿತು ಅಜ್ಜಾರೆ, ಅಂದಳು. ಕಸ್ತೂರವ್ವ ಅದಕ್ಕೂ ತಕ್ಷಣ ಉತ್ತರ ಕೊಟ್ಟಳು: "ಏನಿಲ್ಲವಾ, ಬ್ರೇಕ್ ಬಿದ್ದೈತಿ."

ಮುಂದಿನ ದಿನಗಳಲ್ಲಿ ಓಣಿಯ ಹೆಂಗಸರೆಲ್ಲ ಮತ್ತೆ ಆ ಮನೆಯಲ್ಲೇ ಸೇರತೊಡಗಿದರು. ಪಾರವ್ವನೂ ಬಂದಳು. ಕಸ್ತೂರವ್ವ ಅವಳ ಕ್ಷಮೆ ಕೇಳಿದಳು, ಇಬ್ಬರೂ ಅತ್ತರು, ಐದು ನಿಮಿಷದಲ್ಲಿ ಪಾರವ್ವನ ಅತ್ತಿಗೆಯ ಜಿಪುಣತನದ ಮೇಲೆ ಮಾತು ಹೊರಳಿ ಇಬ್ಬರೂ ನಕ್ಕರು. ಸಂತೆಯಿಂದ ತಂದ ಬದನೆಕಾಯಿಯಿಂದ ಹಿಡಿದು ಟಿವಿಯ ದನಿಯವರೆಗೆ ಗಂಡ ಹೆಂಡಿರು ಪ್ರತಿಯೊಂದಕ್ಕೂ ಜಗಳವಾಡಿದರು. ಫಕೀರಪ್ಪ ಒಮ್ಮೆಯೂ ಗೆಲ್ಲಲಿಲ್ಲ. ಬೆಳಗಿನ ಅರ್ಧ ಗಂಟೆಯ ತಿದ್ದುಪಡಿ ನಿಂತುಹೋದದ್ದರಿಂದ ಅವನಿಗೆ ಆ ಹೊತ್ತಿನಲ್ಲಿ ಕೈಗೆ ಏನು ಕೆಲಸ ಕೊಡಬೇಕೋ ತಿಳಿಯುತ್ತಿರಲಿಲ್ಲ. ಮಿಡುಕುಗಳೀಗ ಚರ್ಮದ ಒಳಗೇ ಹುಟ್ಟಿ ಒಳಗೇ ಮಾತಾಗುತ್ತಿದ್ದವು, ಹೊರಗಿನವರು ನೋಡುವಂತೆಯೇ ಇರಲಿಲ್ಲ.

ಎರಡನೆಯ ತಿಂಗಳಲ್ಲಿ ಮಗಳು ದಾಕ್ಷಾಯಣಿಯ ಕುಬಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಎತ್ತುವ ಕಾರ್ಯ. ನಡುಮನೆ ತುಂಬ ಹೆಂಗಸರು. ಆರತಿ ಮುಗಿದ ಮೇಲೆ ಒಡಪು ಶುರುವಾಯಿತು. ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಮನೆಯಲ್ಲಿ 'ಇವರು', 'ನಮ್ಮನಿಯವರು', ತೀರ ಕೂಗಬೇಕಾದರೆ 'ದಾಕ್ಷಾನಪ್ಪ'. ಇಂಥ ಶುಭದ ದಿನ ಮಾತ್ರ ಎರಡು ಸಾಲಿನ ಪ್ರಾಸ ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳಬಹುದು. ಹೇಳದಿದ್ದರೆ ಬಿಡುವವರಿಲ್ಲ.

ಸರದಿ ಕಸ್ತೂರವ್ವನಿಗೆ ಬಂತು. ಹೊರಗೆ ಗಂಡಸರ ಜೊತೆ ಕೂತಿದ್ದ ಫಕೀರಪ್ಪ ಎದ್ದು ಬಾಗಿಲ ಬಳಿ ಬಂದ. ಕಸ್ತೂರವ್ವ ಹುಬ್ಬು ಹಾರಿಸಿ ಶುರುಮಾಡಿದಳು.

"ಒಲಿ ಮ್ಯಾಲಿನ ಹಾಲು ಉಕ್ಕಾಕ ಬೇಕು ಒಂದ ಗಳಿಗಿ, ನಮ್ಮ…"

ಅಲ್ಲಿ ದನಿ ಬಿದ್ದುಹೋಯಿತು. ಆಮೇಲೆ, "ಸಿಟ್ಟಿಗಿ ಸಾಕು ಅರ್ಧ ಗಳಿಗಿ."

ಹೆಂಗಸರು ಹೋ ಎಂದು ನಕ್ಕರು. ನಾಚಿಕೆಯಿಂದ ಹೆಸರು ನುಂಗಿದಳೆಂದು ಅವರು ತಿಳಿದರು. ಈ ವಯಸ್ಸಿನಲ್ಲಿ ಎಂಥ ನಾಚಿಕೆ, ಹೆಸರು ಹೇಳದೆ ಬಿಡುವುದಿಲ್ಲ ಎಂದು ಶಾವಂತ್ರೆವ್ವ ಪಟ್ಟು ಹಿಡಿದಳು. ಕಸ್ತೂರವ್ವ ಮತ್ತೆ ಹೇಳಿದಳು. ಮತ್ತೆ ಅದೇ ಜಾಗದಲ್ಲಿ ದನಿ ಬಿತ್ತು. ಮೂರನೆಯ ಸಲ 'ನಮ್ಮ' ಅಂದಮೇಲೆ ಅವಳ ಕೊರಳಿನ ನರ ಉಬ್ಬಿದ್ದನ್ನು ಫಕೀರಪ್ಪ ಬಾಗಿಲಿನಿಂದಲೇ ಕಂಡ. ಅವಳು ಹೇಳುತ್ತಿದ್ದಳು. ಕೊರಳೊಳಗೆ ಅದನ್ನು ತಿಳಿಯುವವರು ಯಾರೂ ಇರಲಿಲ್ಲ. ಅವಳ ಕಣ್ಣು ಬಾಗಿಲಿಗೆ ಬಂದು, ಅವನ ಮೇಲೆ ನಿಂತು, ಕೆಳಗಿಳಿಯಿತು. ಮಗಳು ಜಾಣೆ, ಅಪ್ಪನ ಹೆಸರನ್ನು ತಾನೇ ಹೇಳಿ ನಗುತ್ತ ಮುಂದಿನವರಿಗೆ ಸರದಿ ದಾಟಿಸಿದಳು.

ಇನ್ನೂರ ಹನ್ನೆರಡನೆಯ ಸಾಲು. ಮೊದಲ ವರ್ಷ ಕಸ್ತೂರವ್ವನ ತಂಗಿಯ ಮನೆಯ ವಾಸ್ತುಶಾಂತಿಯಲ್ಲಿ ಹೀಗೇ ಹೆಂಗಸರು ಒತ್ತಾಯಿಸಿದಾಗ ಅವಳ ಕೊರಳಿನಲ್ಲಿ ಹೊಸದೊಂದು ಮಿಡುಕು ಬಂದಿತ್ತು. ಮರುದಿನ ಬೆಳಿಗ್ಗೆ ಅದೇನೆಂದು ಇಪ್ಪತ್ತು ಮಾತು ಕೇಳಿ, ಯಾವುದಕ್ಕೂ ಅವಳು ಕಣ್ಣು ಮುಚ್ಚದೆ ನಗುತ್ತಿದ್ದಾಗ, ಅದು ತನ್ನದೇ ಹೆಸರೆಂದು ಹೊಳೆದು ಫಕೀರಪ್ಪನ ಕಿವಿ ಬಿಸಿಯಾಗಿತ್ತು. ಆ ಸಾಲು ಆಮೇಲೆ ವಾರವಾರಕ್ಕೂ ತಿದ್ದಿಸಿಕೊಂಡು ಬಂದಿತ್ತು, ನುಡಿದದ್ದು ಮಾತ್ರ ಎರಡೋ ಮೂರೋ ಸಲ. ಕೇಂದ್ರದ ಎಂಟು ದಿನ ಗಂಡ ಎದುರಿಗೇ ಕೂತಿದ್ದಾಗ ಅವಳು ತಾನಾಗಿ ಅದನ್ನು ಯಾಕೆ ಹೇಳಿಯಾಳು? ಹೇಳು ಅನ್ನಬೇಕಾದವನು ಇವನು. ಪಕ್ಕದ ಮುದುಕಿ ಕೇಳುತ್ತಿರುವಾಗ ಹೆಂಡತಿಗೆ 'ನನ್ನ ಹೆಸರು ಹೇಳು' ಅನ್ನಲು ಇವನಿಗೆ ನಾಚಿಕೆಯಾಗಿತ್ತು. ಯಂತ್ರದ ಲೆಕ್ಕದಲ್ಲಿ ಅದು ಸತ್ತ ಸಾಲು.

ಸೋಮವಾರ ಹುಬ್ಬಳ್ಳಿಗೆ ಹೋದ. ಒಂದೇ ಒಂದು ಹೆಸರು, ಹೇಗಾದರೂ ಸೇರಿಸು ಎಂದು ಝೀನತಳಿಗೆ ಹೇಳಿದ. ಬೈಯಲಿಲ್ಲ, ಟೇಬಲ್ ಗುದ್ದಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಗಾಬರಿಯಾಯಿತು. ಅವಳು ಪರದೆಯ ಮೇಲೆ ಪಟ್ಟಿ ತೆಗೆದು ನೋಡಿದಳು, ಹಣೆಗೆ ಕೈ ಹಚ್ಚಿ ಕೂತಳು.

"ನಮ್ಮ ಅಮ್ಮೀನೂ ಅಬ್ಬಾನ ಹೆಸರ ಹೇಳಂಗಿಲ್ಲ ಕಾಕಾ. ನನಗರ ಹೊಳೀಬೇಕಿತ್ತು."

ಚಿಪ್ಪಿಗೆ ಇನ್ನು ಏನನ್ನೂ ಸೇರಿಸಲು ಬರುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಎದ್ದು ಗದಗಿನ ಬಸ್ಸು ಹತ್ತಿದ.

ಕಸ್ತೂರವ್ವ ಆ ಮಾತನ್ನು ಎತ್ತಲೇ ಇಲ್ಲ. ಉಳಿದದ್ದೆಲ್ಲ ಇದೆಯಲ್ಲ ಅನ್ನುವಂತೆ ಮಾತಾಡುತ್ತ ಹೋದಳು. ಮೂರನೆಯ ತಿಂಗಳ ಕೊನೆಗೆ ಅವಳ ಸ್ವಭಾವದಲ್ಲಿ ಬದಲಾವಣೆ ಕಂಡಿತು. ಬದನೆಕಾಯಿ ಹುಳುಕಾಗಿದ್ದರೂ 'ಇರ್ಲಿ' ಅಂದಳು. ಚಹಾ ಸಪ್ಪಗಾಗಿದ್ದರೂ 'ಚಲೋ ಆಗೈತಿ' ಅಂದಳು. ಟಿವಿಯ ದನಿ ಹೆಚ್ಚು ಮಾಡಿದರೂ ಸುಮ್ಮನಿದ್ದಳು. ಫಕೀರಪ್ಪನಿಗೆ ಹೆಂಡತಿ ಮೆತ್ತಗಾದಳು ಅನ್ನಿಸಿತು. ರೋಗ ಮನುಷ್ಯರನ್ನು ಮಾಗಿಸುತ್ತದೆ ಎಂದು ಶಾವಂತ್ರೆವ್ವನ ಗಂಡನ ಮುಂದೆ ಹೇಳಿಕೊಂಡ ಕೂಡ. ತಿಂಗಳಿಡೀ ಆ ಶಾಂತಿಯನ್ನು ಅನುಭವಿಸಿದ, ಮೂರ್ಖ.

ಒಂದು ದಿನ ಅವಳ ಕಾಲ ಮೇಲೆ ಬಿಸಿ ನೀರು ಚೆಲ್ಲಿತು. ಅವನೇ ಚೆಲ್ಲಿದ್ದು. ಅವಳ ಮುಖ ಕೆಂಪಾಗಿ, ಕಣ್ಣಿನಲ್ಲಿ ಹಳೆಯ ಬೆಂಕಿ ಕಾಣಿಸಿತು. ಬೈಗುಳ ಬರುತ್ತದೆಂದು ಅವನು ಕಾದ. ಚಿಪ್ಪು ಅಚ್ಚುಕಟ್ಟಾಗಿ, ಒಂದು ಕ್ಷಣವೂ ತಡಮಾಡದೆ, "ಚಲೋ ಆಗೈತಿ" ಎಂದಿತು. ಅವಳು ಮತ್ತೆ ಪ್ರಯತ್ನಿಸಿದಳು. "ಇರ್ಲಿ. ಇರ್ಲಿ. ಚಲೋ ಆಗೈತಿ."

ಅವನು ಅವಳ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತ. ಕೊರಳು ದೂರ ಹೋಗಿತ್ತು. ಸರಿಯಾಗಿ ನುಡಿಯುವ ಮಾತು ಯಾವುದು, ತಪ್ಪಿ ನುಡಿಯುವುದು ಯಾವುದು ಎಂದು ಅವಳು ಒಳಗೊಳಗೇ ಲೆಕ್ಕವಿಟ್ಟು, ಉಳಿದ ಮಾತುಗಳಲ್ಲೇ ಸಂಸಾರ ಸಾಗಿಸುತ್ತಿದ್ದಳು. ಬೈಗುಳ ಮೊದಲು ಹೋಗಿದ್ದವು. ಆಮೇಲೆ ತಮಾಷೆ. ಕೊನೆಗೆ ಒಪ್ಪಿಗೆಯ ಮಾತು ನಾಲ್ಕಾರು ಉಳಿದಿದ್ದವು, ಅವನ್ನೇ ಅವಳು ಎಲ್ಲದಕ್ಕೂ ಬಳಸಿದ್ದಳು. ಅವನು ಅದನ್ನು ಶಾಂತಿ ಅಂದುಕೊಂಡಿದ್ದ.

ಝೀನತ್ ಮನೆಗೇ ಬಂದು ಚಿಪ್ಪನ್ನು ನಿಲ್ಲಿಸಿ, ಹಳೆಯ ಹೊರಪಟ್ಟಿಯನ್ನು ಕಸ್ತೂರವ್ವನ ಕೊರಳಿಗೆ ಮತ್ತೆ ಕಟ್ಟಿದಳು. ಹನ್ನೊಂದು ಸಾವಿರ ಸಾಲೂ ಹಾಗೇ ಇದ್ದವು. ಆದರೆ ನಾಲ್ಕು ತಿಂಗಳು ಯಾರೂ ತಿದ್ದಿರಲಿಲ್ಲ. ಕಸ್ತೂರವ್ವ ನುಡಿಯಲು ಯತ್ನಿಸಿದಳು. ಪಟ್ಟಿ ಒಂಬತ್ತು ಸೆಕೆಂಡು ಓದಿ, "ಜೋಳದ ಹಿಟ್ಟು" ಎಂದಿತು. ಕೆಮ್ಮಿದರೆ "ಎಲ್ಲವ್ವ ತಾಯಿ" ಎಂದಿತು. ನಿದ್ದೆಯಲ್ಲಿ ಉಗುಳು ನುಂಗಿದರೆ ಯಾರನ್ನೋ ಬೈಯಿತು. ಅವಳದೇ ದನಿಯಲ್ಲಿ ಅವಳದಲ್ಲದ ಮಾತು ಮನೆತುಂಬ ಬೀಳತೊಡಗಿತು. ಹೊಸ ಸಾಲು ಬರೆದರೂ ಹಳೆಯವು ಅಡ್ಡ ಬರುತ್ತಿದ್ದವು. ಮೂರು ದಿನ ಸಹಿಸಿ, ನಾಲ್ಕನೆಯ ದಿನ ಫಕೀರಪ್ಪ ಫೋನು ಮಾಡಿ ಎಲ್ಲವನ್ನೂ ಹೇಗೆ ಅಳಿಸುವುದೆಂದು ಕೇಳಿದ. ಝೀನತ್ ಎರಡು ಸಲ ಯೋಚಿಸಿರಿ ಅಂದಳು. ಅವನು ಹೇಗೆಂದು ಮಾತ್ರ ಹೇಳು ಅಂದ. ಒಂದು ಗುಂಡಿ ಒತ್ತುವ ಕೆಲಸ. ಮೂರು ವರ್ಷದ ಬೆಳಗುಗಳು ಹೋಗಲು ಚಿಟಿಕೆ ಹೊಡೆಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಮರುದಿನ ಚಹಾ ಆದಮೇಲೆ ಕುರ್ಚಿ ಎಳೆದುಕೊಂಡು ಅವಳೆದುರು ಕೂತ. ಪರದೆ ಬೆಳ್ಳಗೆ ಖಾಲಿ ಇತ್ತು. ಕಸ್ತೂರವ್ವನ ಕುತ್ತಿಗೆ ಈಗ ದಿಂಬಿಲ್ಲದೆ ನಿಲ್ಲುತ್ತಿರಲಿಲ್ಲ. ಕೊರಳಿನಲ್ಲಿ ಉಳಿದದ್ದು ಒಂದೇ ಮಿಡುಕು, ಎಡಗಡೆ ಸಣ್ಣಗೆ. ಅದನ್ನೇ ಅವಳು ಬೆಳಗಿನಿಂದ ಮತ್ತೆ ಮತ್ತೆ ಮಾಡುತ್ತಿದ್ದಳು.

ನೀರಾ ಎಂದು ಕೇಳಿದ. ಅವಳು ಕಣ್ಣು ಮುಚ್ಚಲಿಲ್ಲ. ಮಗ್ಗುಲು ಬದಲಿಸಬೇಕಾ, ನೋವಾ, ಸೆಕೆಯಾ, ದಾಕ್ಷಾಯಣಿಗೆ ಬರಹೇಳಬೇಕಾ. ಇಲ್ಲ. ಕಣ್ಣು ತೆರೆದೇ ಇತ್ತು. ಮಗಳು ಮೊನ್ನೆ ಹೆತ್ತ ಕೂಸು ನೋಡಬೇಕಾ ಎಂದು ಕೇಳಿದ. ಅದಕ್ಕೆ ಕಣ್ಣು ಸ್ವಲ್ಪ ಅಲುಗಿತು, ಮುಚ್ಚಲಿಲ್ಲ. ಒಂದು ತಾಸು ಕೇಳಿದ. ಗೊತ್ತಿದ್ದ ಮಾತುಗಳೆಲ್ಲ ಮುಗಿದವು. ಕೇಳದೆ ಬಿಟ್ಟದ್ದು ಒಂದೇ ಇತ್ತು. ಆ ಮಾತಿನ ಹತ್ತಿರ ಹೋಗಿ ಹೋಗಿ ಅವನು ಪಕ್ಕಕ್ಕೆ ಸರಿಯುತ್ತಿದ್ದ. ಸಿಟ್ಟು ಬಂದು ಲ್ಯಾಪ್‌ಟಾಪನ್ನು ಮಂಚದ ಮೇಲೆ ಕುಕ್ಕಿದ.

"ಮತ್ತೇನ್ ಅಂತೀ? ಸಾಕಾತು ಅಂತೀಯೇನು?"

ಕಸ್ತೂರವ್ವ ಕಣ್ಣು ಮುಚ್ಚಿದಳು. ನಿದ್ದೆಯಲ್ಲವೆಂದು ಅವನಿಗೆ ತಿಳಿಯಲೆಂದು ತೆರೆದು, ಅವನನ್ನು ನೋಡಿ, ಮತ್ತೆ ಮುಚ್ಚಿದಳು.

ಬೀದಿಯಲ್ಲಿ ಯಾರೋ ತರಕಾರಿ ಕೂಗಿಕೊಂಡು ಹೋದರು. ಮಗ್ಗದ ಸದ್ದು ಎದುರಿನ ಮನೆಯಿಂದ ಒಂದೇ ಸಮ ಬರುತ್ತಿತ್ತು. ಫಕೀರಪ್ಪ ಈ ಸಾಲನ್ನು ಬರೆಯುವುದಿಲ್ಲ ಎಂದುಕೊಂಡ. ಬೇರೆ ಯಾವುದೋ ಮಾತು ಬರೆದುಬಿಟ್ಟರೆ ಅವಳು ಏನು ಮಾಡಿಯಾಳು? 'ನೀರು' ಎಂದು ಬರೆದರೆ ಆ ಮಿಡುಕು ನೀರೇ ಆಗುತ್ತದೆ, ಇನ್ನೆರಡು ತಿಂಗಳು ದಿನಕ್ಕೆ ಹತ್ತು ಸಲ ನೀರು ಕುಡಿಸಬಹುದು. ಬೆರಳು ಕೀಲಿಯ ಮೇಲೆ ಅಷ್ಟು ಹೊತ್ತು ನಿಂತಿತು. ಆದರೆ ಮೂರು ವರ್ಷದಲ್ಲಿ ಅವನು ಅವಳ ಬಾಯಲ್ಲಿ ತನ್ನ ಮಾತನ್ನು ಒಮ್ಮೆಯೂ ಇಟ್ಟಿರಲಿಲ್ಲ.

ಬರೆದ. ಎಡಗಡೆ ಸಣ್ಣಗೆ ಮಿಡುಕಿದರೆ 'ಸಾಕು'.

ಲ್ಯಾಪ್‌ಟಾಪಿನಿಂದ ತಲೆ ಎತ್ತಿ ಅವಳ ಕೊರಳನ್ನು ನೋಡಿದ. ಮಿಡುಕು ಕಂಡಿತು. ಅಭ್ಯಾಸದಂತೆ ಒಂದು ಎಂದು ಎಣಿಸಲು ಬಾಯಿ ತೆರೆದ.

ಆಗಲೇ ಹೇಳಿ ಆಗಿತ್ತು. ಓದಲು ಇದ್ದದ್ದೇ ಒಂದು ಸಾಲು, ಪಟ್ಟಿಗೆ ಹೊತ್ತೇ ಹಿಡಿದಿರಲಿಲ್ಲ. ಮಗಳ ಮದುವೆಯಲ್ಲಿ ಮುಂದೆ ನಿಂತು ಬೀಗರಿಗೆಲ್ಲ ಊಟ ಬಡಿಸಿದ ದಿನದ ಗಟ್ಟಿ ದನಿಯಲ್ಲಿ, ಮನೆಯ ನಡುವೆ, ಸ್ಪಷ್ಟವಾಗಿ, ಸಾಕು.

ಫಕೀರಪ್ಪ ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕಿಟ್ಟ. ಎರಡನೆಯ ಸಾಲು ಬರೆಯಲಿಲ್ಲ.